ಬಳಲಿಕೆಯೂ ಬೀಸುವ ಪದವೂ

ಬೀಸುವ ಪದಗಳನ್ನು ನಾನು ತರಗತಿಯಲ್ಲಿ ಪಾಠ ಹೇಳತೊಡಗಿ ಹದಿನೆಂಟು ವರ್ಷಗಳಾದವು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದ ಸಂಗತಿ, ತ್ರಿಪದಿಯ ಅಂಶಗಣಗಳ ಲೆಕ್ಕ, ದುಡಿಮೆಗೂ ಹಾಡಿಗೂ ಇರುವ ನಂಟು, ಇವೆಲ್ಲವನ್ನೂ ಕ್ರಮವಾಗಿ ಹೇಳಿ ಮುಗಿಸುತ್ತೇನೆ. ಹೆಣ್ಣುಮಕ್ಕಳು ದಣಿವನ್ನು ಮರೆಯುವುದಕ್ಕಾಗಿ ಹಾಡಿದರೆಂದು ವಿದ್ಯಾರ್ಥಿಗಳು ಪ್ರತಿವರ್ಷವೂ ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ. ನಾನೂ ತಪ್ಪದೆ ಅಂಕ ಕೊಡುತ್ತೇನೆ. ಆ ಮಾತಿನ ಅರ್ಥ ನನಗೇ ಸರಿಯಾಗಿ ತಿಳಿದಿರಲಿಲ್ಲವೆಂಬುದು ಗೊತ್ತಾದದ್ದು ಅಕ್ಕ ಕಾಯಿಲೆ ಬಿದ್ದಾಗ.

ಅಕ್ಕನಿಗೆ ಸ್ತನದ ಕ್ಯಾನ್ಸರ್ ಎಂದು ತಿಳಿದ ಮೇಲೆ ಇಪ್ಪತ್ತೊಂದು ದಿನಗಳಿಗೊಮ್ಮೆ ಕಿಮೋಥೆರಪಿ ನಡೆಯಿತು. ಕೂದಲು ಉದುರೀತು, ವಾಕರಿಕೆಯಾದೀತು ಎಂದು ನಾವೆಲ್ಲ ಮೊದಲೇ ಕೇಳಿದ್ದೆವು. ಅದಕ್ಕೆ ಸಿದ್ಧರಾಗಿಯೂ ಇದ್ದೆವು. ಬಳಲಿಕೆಯ ವಿಷಯವನ್ನು ಮಾತ್ರ ಯಾರೂ ಅಷ್ಟಾಗಿ ಎತ್ತಿ ಹೇಳಿರಲಿಲ್ಲ. ಔಷಧ ಏರಿಸಿದ ಎರಡು ಮೂರು ದಿನಗಳಿಗೆ ಅವಳು ಹಾಸಿಗೆ ಹಿಡಿಯುತ್ತಿದ್ದಳು. ಬಾಚಣಿಗೆ ಎತ್ತಿಕೊಳ್ಳಲೂ ಕೈಯಲ್ಲಿ ಬಲವಿಲ್ಲ. ಮನೆಯವರಿಗೆ ಇದು ಮನಸ್ಸಿನ ದೌರ್ಬಲ್ಯವಾಗಿ ಕಂಡಿತು. ನಾನೂ ಬೇರೆಯವನಾಗಿರಲಿಲ್ಲ. ಎದ್ದು ಅಡ್ಡಾಡು, ಮನಸ್ಸು ಗಟ್ಟಿ ಮಾಡಿಕೋ ಎಂದು ಉಪದೇಶ ಮಾಡಿದೆ. “ಇದು ಹೊಲದಾಗ ದುಡದು ಬಂದ ಸುಸ್ತಲ್ಲೋ ತಮ್ಮಾ. ರಾತ್ರಿಯೆಲ್ಲಾ ಮಲಗಿ ಎದ್ದರೂ ಹಂಗ ಐತಿ” ಎಂದಳು ಅಕ್ಕ.

ವೈದ್ಯರನ್ನು ಕೇಳಿದಾಗ ಅಕ್ಕನ ಮಾತೇ ನಿಜವೆಂದು ತಿಳಿಯಿತು. ಕ್ಯಾನ್ಸರ್ ಚಿಕಿತ್ಸೆಯ ಕಾಲದ ಬಳಲಿಕೆ ನಿದ್ರೆಯಿಂದಲೋ ವಿಶ್ರಾಂತಿಯಿಂದಲೋ ನೀಗುವಂಥದಲ್ಲ. ಕಿಮೋಥೆರಪಿ ಪಡೆಯುವವರಲ್ಲೂ ವಿಕಿರಣ ಚಿಕಿತ್ಸೆ ಪಡೆಯುವವರಲ್ಲೂ ಅತಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಅದೊಂದು. ರಕ್ತಹೀನತೆ, ನೋವು, ನಿದ್ರಾಭಂಗ, ಥೈರಾಯ್ಡಿನ ಕೊರತೆ, ಭಯ ಇವುಗಳಲ್ಲಿ ಯಾವುದಾದರೂ ಅದನ್ನು ಹೆಚ್ಚಿಸಬಹುದು. ಇವುಗಳಿಗೆ ಮದ್ದುಂಟು. ಆದುದರಿಂದ ರೋಗಿ ತನ್ನ ಬಳಲಿಕೆಯನ್ನು ನಾಚದೆ ವೈದ್ಯರಿಗೆ ಹೇಳಬೇಕು. ಮನೆಯವರು ಅದನ್ನು ಸೋಮಾರಿತನವೆಂದು ಬಗೆಯಬಾರದು. ಹಾಡಿನ ಮಾತು ಬರುವುದು ಇದಾದ ಮೇಲೆ.

ಸಂಗೀತದಿಂದ ಆಯಾಸ ಕಡಿಮೆಯಾದೀತೆಂದು ಎಲ್ಲಿಯೋ ಓದಿದ ನಾನು, ಬಲ್ಲವನೆಂಬ ಹಮ್ಮಿನಿಂದ, ಒಳ್ಳೆಯ ಹಿಂದೂಸ್ತಾನಿ ಗಾಯನವನ್ನು ಆರಿಸಿ ಅವಳ ತಲೆದಿಂಬಿನ ಬಳಿ ಹಚ್ಚಿಟ್ಟೆ. ವಿಲಂಬಿತ ಲಯ, ಗಂಭೀರವಾದ ರಾಗ. ನನಗಂತೂ ಕಣ್ಣು ಮುಚ್ಚಿತು. ಹತ್ತು ನಿಮಿಷವಾಗಿರಲಿಕ್ಕಿಲ್ಲ, “ತಮ್ಮಾ, ಇದನ್ನ ಬಂದ್ ಮಾಡಪ್ಪಾ. ಇದನ್ನ ಕೇಳಾಕೂ ಶಕ್ತಿ ಬೇಕು” ಎಂದಳು. ನಾನು ಪೆಚ್ಚಾದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೇ ಕೇಳಿದಳು: “ಅವ್ವ ಬೀಸೂವಾಗ ಹಾಡತಿದ್ಲಲ್ಲ, ಅದು ನಿನಗ ನೆನಪೈತೇನು?”

ಪದ ನೆನಪಿತ್ತು, ಧಾಟಿ ನೆನಪಿರಲಿಲ್ಲ. ತ್ರಿಪದಿಯ ಗಣಗಳನ್ನು ಕಪ್ಪುಹಲಗೆಯ ಮೇಲೆ ಎಷ್ಟೋ ಸಲ ಒಡೆದು ತೋರಿಸಿದವನಿಗೆ ಅದನ್ನು ಹಾಡಲು ಬರಲಿಲ್ಲ. ನನಗಿಂತ ಒಂಬತ್ತು ವರ್ಷ ಹಿರಿಯಳಾದ ಅಕ್ಕ ಅವ್ವನ ಜೊತೆ ಕಲ್ಲಿನ ಗೂಟ ಹಿಡಿದು ಬೀಸಿದವಳು. ಅವಳೇ ಮೆಲ್ಲಗೆ ಎತ್ತಿಕೊಂಡಳು. ತ್ರಿಪದಿ ಬರಹದಲ್ಲಿ ಮೂರು ಸಾಲು. ಹಾಡುವಾಗ ಎರಡನೆಯ ಸಾಲಿನ ಭಾಗ ಮರಳಿ ಬರುವುದರಿಂದ ನಾಲ್ಕಾಗಿ ಕೇಳಿಸುತ್ತದೆ. ಈ ಪುನರುಕ್ತಿಯನ್ನು ನಾನು ಛಂದಸ್ಸಿನ ಲಕ್ಷಣವೆಂದು ಕಲಿಸಿದ್ದೆ. ಅಕ್ಕ ಅಲ್ಲಿ ಉಸಿರು ತಿರುಗಿಸಿಕೊಂಡಳು. ಬಳಲಿದವಳು ಹೊಸ ಪದಕ್ಕಾಗಿ ತಡಕಾಡದೆ ಹಳೆಯದನ್ನೇ ಹಿಡಿದು ನಿಲ್ಲಲು ಅಲ್ಲೊಂದು ಎಡೆಯಿತ್ತು. ಒಂದೇ ಪದ ಹಾಡಿ ನಿಲ್ಲಿಸಿದಳು, ಮರುದಿನ ಎರಡು. ಅವಳು ಹಾಡಲಾರದ ದಿನ ಅವಳ ಮಗಳು ಹಾಡುತ್ತಿದ್ದಳು, ಅಕ್ಕ ತಪ್ಪು ತಿದ್ದುತ್ತಿದ್ದಳು. ಬಳಲಿಕೆ ಹೋಯಿತೆಂದು ನಾನು ಹೇಳಲಾರೆ. ಆ ಹೊತ್ತಿಗೆ ಅದು ಹಗುರಾಗುತ್ತಿತ್ತು. ಹಾಡಿದ ಮೇಲೆ ಎರಡು ತುತ್ತು ಹೆಚ್ಚಾಗಿ ಉಣ್ಣುತ್ತಿದ್ದಳು.

ಒಬ್ಬಳ ಅನುಭವದಿಂದ ಸಿದ್ಧಾಂತ ಕಟ್ಟಬಾರದೆಂದು ವಾಚಕರು ಹೇಳಿಯಾರು. ಹೇಳಬೇಕಾದ ಮಾತೇ ಸರಿ. 2021ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಈ ವಿಷಯದ 81 ಪ್ರಯೋಗಗಳನ್ನು, ಅವುಗಳಲ್ಲಿ ಪಾಲ್ಗೊಂಡ 5,576 ಮಂದಿಯ ವಿವರಗಳನ್ನು, ಒಟ್ಟಿಗಿಟ್ಟು ಪರಿಶೀಲಿಸಿತು. ಕ್ಯಾನ್ಸರ್ ಪೀಡಿತರಾದ ವಯಸ್ಕರಲ್ಲಿ ಸಂಗೀತದಿಂದ ಆತಂಕವೂ ನೋವೂ ತಗ್ಗಬಹುದು, ಬಳಲಿಕೆಯೂ ಅಲ್ಪದಿಂದ ಮಧ್ಯಮ ಪ್ರಮಾಣದವರೆಗೆ ಇಳಿಯಬಹುದು ಎಂಬುದು ಅದರ ನಿರ್ಣಯ. ಆಧಾರಗಳು ಬಹಳ ಗಟ್ಟಿಯಾದುವಲ್ಲವೆಂದೂ ಅದೇ ಸಮೀಕ್ಷೆ ಒಪ್ಪಿಕೊಳ್ಳುತ್ತದೆ. ಗುಳಿಗೆಯನ್ನು ಪರೀಕ್ಷಿಸುವಾಗ ಕೆಲವರಿಗೆ ಹುಸಿ ಗುಳಿಗೆ ಕೊಟ್ಟು ಹೋಲಿಸಬಹುದು. ಹುಸಿ ಹಾಡನ್ನು ಎಲ್ಲಿಂದ ತರುವುದು? ಹಿತಮಿತವಾದ ವ್ಯಾಯಾಮಕ್ಕೆ ಇದಕ್ಕಿಂತ ಬಲವಾದ ಆಧಾರವಿದೆ. ಹಾಡು ಔಷಧದ ಜಾಗದಲ್ಲಿ ಕೂರುವಂಥದಲ್ಲ. ಔಷಧದ ಪಕ್ಕದಲ್ಲಿ ಕೂರಬಲ್ಲದು.

ಇಲ್ಲಿಯೇ ನನ್ನ ತಕರಾರು. ಈ ರಾಗ ಈ ರೋಗಕ್ಕೆ, ಆ ರಾಗ ಆ ರೋಗಕ್ಕೆ ಎಂದು ಪಟ್ಟಿ ಹಿಡಿದು ಬರುವವರು ನಮ್ಮಲ್ಲಿ ಕಡಿಮೆಯಿಲ್ಲ. ನಾನು ಮಾಡಿದ್ದೂ ಹೆಚ್ಚುಕಡಿಮೆ ಅದೇ: ನನ್ನ ಅಭಿರುಚಿಯನ್ನು ಅಕ್ಕನ ಮೇಲೆ ಹೇರಿದೆ. ಹಾಡನ್ನು ಆರಿಸುವ ಅಧಿಕಾರ ರೋಗಿಯದು. ಒಬ್ಬರಿಗೆ ದಾಸರ ಪದ ಬೇಕಾದೀತು, ಇನ್ನೊಬ್ಬರಿಗೆ ವಚನ, ಮತ್ತೊಬ್ಬರಿಗೆ ತಾರುಣ್ಯದಲ್ಲಿ ಕೇಳಿದ ಸಿನಿಮಾ ಹಾಡು, ಒಬ್ಬರಿಗೆ ಬರಿಯ ಮೌನ. ಚಿಕಿತ್ಸೆಯ ಕಾಲದಲ್ಲಿ ಯಾವಾಗ ಬರಬೇಕು, ಏನು ತಿನ್ನಬೇಕು, ಎಷ್ಟು ಹೊತ್ತು ಅಲುಗದೆ ಮಲಗಬೇಕು ಎಂಬುದನ್ನೆಲ್ಲ ಇತರರೇ ನಿರ್ಣಯಿಸುತ್ತಾರೆ. ಹಾಡೊಂದನ್ನಾದರೂ ಬೇಕೆನ್ನುವ, ಸಾಕೆನ್ನುವ ಸ್ವಾತಂತ್ರ್ಯ ಅವರಿಗಿರಲಿ.

ಕಿಮೋಥೆರಪಿಯ ಕೋಣೆಗಳಲ್ಲಿ ಗಂಟೆಗಟ್ಟಲೆ ಕೂರುವ ರೋಗಿಗಳ ಮುಂದೆ ದೂರದರ್ಶನದ ಸುದ್ದಿ ಅಬ್ಬರಿಸುತ್ತಿರುವುದನ್ನು ಕಂಡಿದ್ದೇನೆ. ಅದನ್ನು ಆರಿಸುವುದಕ್ಕೆ ಖರ್ಚಿಲ್ಲ. ಬೇಕೆಂದವರಿಗೆ ಅವರವರ ಹಾಡನ್ನು ಕಿವಿಯಲ್ಲೇ ಕೇಳುವ ಏರ್ಪಾಟಿಗೂ ಹೆಚ್ಚಿನ ಖರ್ಚಿಲ್ಲ. ಸಂಗೀತ ಚಿಕಿತ್ಸೆಯಲ್ಲಿ ತರಬೇತಿ ಪಡೆದವರು ದೊರೆತರೆ ಇನ್ನೂ ಒಳ್ಳೆಯದು. ಮನೆಯವರು ಮಾಡಬೇಕಾದದ್ದು ಒಂದು ಪ್ರಶ್ನೆ ಕೇಳುವುದು: “ಯಾವ ಹಾಡು ಬೇಕು?”

ಅಕ್ಕನ ಚಿಕಿತ್ಸೆ ಮುಗಿದಿದೆ, ತಪಾಸಣೆಗೆ ಹೋಗಿಬರುತ್ತಾಳೆ. ಹಾಡಿನಿಂದ ಗುಣವಾಯಿತೆಂದು ಅವಳೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಈ ವರ್ಷ ತ್ರಿಪದಿಯ ಪಾಠ ಬಂದಾಗ ಗಣಗಳನ್ನು ಒಡೆಯುವ ಮೊದಲು ಅವಳಿಂದ ಕಲಿತ ಧಾಟಿಯಲ್ಲಿ ಒಂದು ಪದ ಹಾಡಿ ತೋರಿಸಿದೆ. ನನ್ನ ಕಂಠ ಚೆನ್ನಾಗಿಲ್ಲ; ಹುಡುಗರು ನಕ್ಕರು. ನಿಮ್ಮ ಮನೆಯ ಹಿರಿಯರಿಂದ ಒಂದೊಂದು ಧಾಟಿ ಕಲಿತು ಬನ್ನಿರೆಂದೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ. ಆದರೂ ಏಳು ಮಂದಿ ಕಲಿತು ಬಂದರು.