ಬೆಟ್ಟದ ಬಾಗುವಿಕೆಯನ್ನು ಅಳೆಯುವ ತಂತಿ

ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಡುವುದು ಹಳೆಯ ಪದ್ಧತಿ. ಮಳೆಮಾಪಕದಲ್ಲಿ ನಿಂತ ನೀರನ್ನು ಬೆಳಿಗ್ಗೆ ಅಳೆದು, ಇಂಚು ಸೆಂಟುಗಳಲ್ಲಿ ಪುಸ್ತಕಕ್ಕೆ ಏರಿಸುತ್ತಾರೆ. ಹೂಮಳೆ ಯಾವ ದಿನ ಬಿತ್ತು, ಮುಂಗಾರು ಎಷ್ಟು ಸುರಿಯಿತು ಎಂಬುದು ಅಲ್ಲಿ ಬರಿಯ ಕುತೂಹಲವಲ್ಲ, ಬದುಕಿನ ಲೆಕ್ಕ. ಈಗ ಈ ಕೆಲಸಕ್ಕೆ ಯಂತ್ರಗಳೂ ಬಂದಿವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳಲ್ಲಿ ನಿಲ್ಲಿಸಿರುವ ಮಳೆಮಾಪಕಗಳು ಬಿಸಿಲಿನ ಶಕ್ತಿಯಿಂದಲೇ ನಡೆದು, 15 ನಿಮಿಷಕ್ಕೊಮ್ಮೆ ಮಳೆಯ ಸುದ್ದಿಯನ್ನು ಬೆಂಗಳೂರಿನ ಯಲಹಂಕಕ್ಕೆ ಮುಟ್ಟಿಸುತ್ತವೆ.

ಆದರೆ ಮಳೆಯನ್ನು ಅಳೆದ ಮಾತ್ರಕ್ಕೆ ಬೆಟ್ಟವನ್ನು ಅಳೆದಂತಾಗುವುದಿಲ್ಲ. 2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲಗಳ ಕಡೆ ಗುಡ್ಡಗಳು ಜಾರಿದಾಗ ಇದು ನಮಗೆ ಮನದಟ್ಟಾಯಿತು. ಒಂದೇ ಮಳೆ ಬಿದ್ದ ಎರಡು ಗುಡ್ಡಗಳಲ್ಲಿ ಒಂದು ನಿಂತಿತು, ಇನ್ನೊಂದು ಕುಸಿಯಿತು. ಕಲ್ಲಿನ ಮೇಲೆ ಆಳವಾಗಿ ಕೂತಿರುವ ಮಣ್ಣಿನೊಳಗೆ ನೀರು ಇಳಿದಷ್ಟೂ ಅದರ ಒತ್ತಡ ಏರುತ್ತದೆ; ಕಣಕ್ಕೆ ಕಣ ಹಿಡಿದಿದ್ದ ಹಿಡಿತ ಸಡಿಲುತ್ತದೆ. ರಸ್ತೆಗೆಂದೋ ಮನೆಗೆಂದೋ ಇಳಿಜಾರಿನ ಬುಡವನ್ನು ನೆಟ್ಟಗೆ ಕಡಿದಿದ್ದರೆ ತಡೆಯುವವರು ಯಾರು? ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ಅಂದು ಈ ಅಂಶದ ಕಡೆಗೇ ಬೆರಳು ತೋರಿಸಿತ್ತು.

ಹಾಗಾದರೆ ಮಣ್ಣು ಒಳಗೊಳಗೇ ಬಾಗುವುದನ್ನು ಅರಿಯುವ ಬಗೆ ಹೇಗೆ? ಇಲ್ಲಿಯೇ ಬಾಗುವ ಸಂವೇದಕಗಳ, ಅಂದರೆ ಸೆನ್ಸರುಗಳ ಮಾತು ಬರುತ್ತದೆ. ಇವುಗಳ ಮೂಲ ಬಹಳ ಸರಳ. 1938ರಲ್ಲಿ ಅಮೆರಿಕದ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಎಂಬ ಇಬ್ಬರು, ಒಬ್ಬರನ್ನೊಬ್ಬರು ಅವಲಂಬಿಸದೆಯೇ, ಕೂದಲೆಳೆಯಂಥ ಲೋಹದ ತಂತಿಯನ್ನು ಅಂಟಿಸಿ ಬಳಸುವ ಉಪಾಯವನ್ನು ಕಂಡುಕೊಂಡರು. ಅಂಟಿಸಿದ ವಸ್ತು ಹಿಗ್ಗಿದರೆ ತಂತಿಯೂ ಹಿಗ್ಗುತ್ತದೆ. ಉದ್ದವಾಗಿ ತೆಳುವಾದ ತಂತಿಯಲ್ಲಿ ವಿದ್ಯುತ್ತಿಗೆ ಅಡ್ಡಿ ತುಸು ಹೆಚ್ಚುತ್ತದೆ. ಈ ತುಸುವನ್ನು ಹಿಡಿಯಲು ವೀಟ್‌ಸ್ಟನ್ ಸೇತುವೆ ಎಂಬ ಹಳೆಯ ವಿದ್ಯುನ್ಮಂಡಲ ಸಾಕು. ಮನೆಯಲ್ಲಿ ಪಿ.ಯು.ಸಿ. ವಿಜ್ಞಾನ ಓದುವ ಮಕ್ಕಳಿದ್ದರೆ ಕೇಳಿ ನೋಡಿ, ವಿವರಿಸಿಯಾರು.

ಅಲ್ಲಿಂದ ವಿದ್ಯೆ ಬಹುದೂರ ಸಾಗಿದೆ. ಟೋಕಿಯೋ ವಿಶ್ವವಿದ್ಯಾಲಯದ ತಕಾವೊ ಸೊಮೆಯಾ ಅವರ ತಂಡ 2004ರಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆಯೇ ಒತ್ತಡ ಅರಿಯುವ ಸಂವೇದಕಗಳ ಜಾಲವನ್ನು ಹೆಣೆದು ಅದಕ್ಕೆ ಚರ್ಮದ ಗುಣ ಕೊಡಲು ಯತ್ನಿಸಿತು. ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಪುಟ್ಟ ಬಿಲ್ಲೆಯನ್ನು ಹಲವರು ನೋಡಿರಬಹುದು. ಅದರ ಬಾಗುವ ಎಳೆಯೊಂದು ಚರ್ಮದಡಿ ಕೂತು ಸುಮಾರು ಎರಡು ವಾರ ಸಕ್ಕರೆಯ ಪ್ರಮಾಣ ಹೇಳುತ್ತಿರುತ್ತದೆ. ಗಡುಸಾದ ಸಾಧನ ಮೈಗೆ ಒಗ್ಗದು. ಮೈ ತಿರುಗಿದತ್ತ ತಿರುಗುವಂಥದ್ದು ಬೇಕು.

ಬೆಟ್ಟದ ಮೈಗೂ ಇದೇ ನ್ಯಾಯ. ಕೇರಳದ ಅಮೃತ ವಿಶ್ವವಿದ್ಯಾಪೀಠದವರು ಮುನ್ನಾರಿನ ಆಂಥೋನಿಯಾರ್ ಕಾಲೊನಿಯ ಇಳಿಜಾರಿನಲ್ಲಿ ಆಳವಾದ ಕೊಳವೆಗಳನ್ನು ಇಳಿಸಿ, ಅವುಗಳ ಮೈಗೆ ಆ ಹಳೆಯ ಬಗೆಯ ಹಿಗ್ಗುಮಾಪಕಗಳನ್ನೇ ಅಂಟಿಸಿದರು. ಜೊತೆಗೆ ಮಣ್ಣಿನ ನೀರಿನ ಒತ್ತಡ ಅಳೆಯುವ ಸಾಧನಗಳನ್ನೂ ಇರಿಸಿದರು. ಮಣ್ಣು ಕದಲಿದರೆ ಕೊಳವೆ ಬಾಗುತ್ತದೆ, ಕೊಳವೆ ಬಾಗಿದರೆ ಮಾಪಕ ಹಿಗ್ಗುತ್ತದೆ, ಸುದ್ದಿ ತಂತಿಯಿಲ್ಲದೆ ಹೊರಡುತ್ತದೆ. 2009ರ ಮಳೆಗಾಲದಲ್ಲಿಯೇ ಈ ವ್ಯವಸ್ಥೆಯಿಂದ ಅಲ್ಲಿನ ಜನರಿಗೆ ಎಚ್ಚರಿಕೆ ದೊರೆಯಿತು. ಹಿಮಾಚಲದ ಮಂಡಿಯ ಐ.ಐ.ಟಿ.ಯವರು ಇಂಥ ಕೆಲಸಕ್ಕೆ ಕಡಿಮೆ ಬೆಲೆಯ ಸಾಧನಗಳನ್ನು ರೂಪಿಸಿದ್ದಾರೆ. ಬೆಲೆ ಇಳಿಯುವುದು ಸಣ್ಣ ಮಾತಲ್ಲ, ಏಕೆಂದರೆ ನಮಗೆ ಬೇಕಾದುದು ಒಂದೆರಡಲ್ಲ, ನೂರಾರು.

ಏಕೆ ನೂರಾರು ಎಂಬುದಕ್ಕೆ 2020ರ ಆಗಸ್ಟ್ 6 ಉತ್ತರ. ಅಂದು ಬೆಳಕು ಹರಿಯುವ ಮುನ್ನ ತಲಕಾವೇರಿಯಲ್ಲಿ ಬ್ರಹ್ಮಗಿರಿಯ ಮಗ್ಗುಲು ಜಾರಿ, ಅರ್ಚಕರ ಮನೆಗಳ ಮೇಲೆ ಬಿದ್ದು ಐವರು ಮಣ್ಣುಪಾಲಾದರು. ಅದೇ ದಿನ ರಾತ್ರಿ ಮುನ್ನಾರಿನ ಸೀಮೆಯ ಪೆಟ್ಟಿಮುಡಿಯಲ್ಲಿ ಚಹಾ ತೋಟದ ಕಾರ್ಮಿಕರ ಸಾಲುಮನೆಗಳು ಹೂತುಹೋಗಿ 70 ಜನ ಇಲ್ಲವಾದರು. ಆಂಥೋನಿಯಾರ್ ಕಾಲೊನಿಯ ಕೊಳವೆ ತಾನು ನಿಂತ ಗುಡ್ಡದ ಮಾತನ್ನು ಮಾತ್ರ ಹೇಳಬಲ್ಲದು. ದೂರದ ಇನ್ನೊಂದು ಗುಡ್ಡದ ನೋವು ಅದಕ್ಕೆ ತಿಳಿಯದು. ಯಾವ ಇಳಿಜಾರಿನಲ್ಲಿ ಹೂಳಬೇಕೆಂಬುದನ್ನು ಮೊದಲು ಮನುಷ್ಯರೇ ನಡೆದು, ನೋಡಿ, ನಿರ್ಧರಿಸಬೇಕು. ಬಿರುಕು ಬಿಟ್ಟ ನೆಲ, ಓರೆಯಾದ ಮರ, ಹೊಸದಾಗಿ ಒಡೆದ ಒರತೆ ಇವನ್ನು ತೋಟದಲ್ಲಿ ದಿನವೂ ದುಡಿಯುವವರಷ್ಟು ಬಲ್ಲವರು ಬೇರೆ ಯಾರೂ ಇಲ್ಲ.

ಇನ್ನೊಂದು ತೊಡಕನ್ನು ಕೊಡಗಿನವರಿಗೆ ವಿವರಿಸಬೇಕಾಗಿಯೇ ಇಲ್ಲ. ಮಳೆ ಹಿಡಿದು ಕೂತ ರಾತ್ರಿ ಮೊದಲು ಹೋಗುವುದು ಕರೆಂಟು, ಅದರ ಬೆನ್ನಿಗೇ ಮೊಬೈಲ್ ಗೋಪುರ. ಪೆಟ್ಟಿಮುಡಿಯಲ್ಲಿಯೂ ವಿದ್ಯುತ್ತು, ದೂರವಾಣಿ ಎರಡೂ ಕೆಟ್ಟಿದ್ದರಿಂದ ಸುದ್ದಿ ಹೊರಬಂದದ್ದು ಮರುದಿನ ಬೆಳಿಗ್ಗೆ. ಬಾಗುವ ತಂತಿ ತನ್ನ ಮಾತನ್ನು ಸರಿಯಾಗಿ ಆಡಿದರೂ, ಅದು ಯಲಹಂಕಕ್ಕೆ ಹೋಗಿ, ಅಲ್ಲಿಂದ ಮಡಿಕೇರಿಗೆ ಬಂದು, ತೋಟದ ನಡುವಿನ ಒಂಟಿ ಮನೆಯ ಕದ ತಟ್ಟುವಷ್ಟರಲ್ಲಿ ಎಷ್ಟು ಹೊತ್ತು? ಸೈರನ್ ಇಳಿಜಾರಿನ ಬುಡದಲ್ಲಿಯೇ ಇದ್ದು, ತನ್ನದೇ ಬ್ಯಾಟರಿಯಿಂದ ಕೂಗುವಂತಿದ್ದರೆ ಈ ಸುತ್ತು ಉಳಿಯುತ್ತದೆ. ಆ ಕೂಗು ಕೇಳಿದಾಗ ಮುದುಕರನ್ನೂ ಕೂಸುಗಳನ್ನೂ ಕರೆದುಕೊಂಡು ಕತ್ತಲಲ್ಲಿ ಯಾವ ದಾರಿಯಿಂದ, ಯಾರ ಮನೆಗೆ ಹೋಗುವುದೆಂದು ಜೂನ್ ತಿಂಗಳ ಮೊದಲೇ ಮನೆಮಂದಿ ಕೂತು ಗೊತ್ತು ಮಾಡಿಕೊಂಡಿರಬೇಕು.