ಶೋರೂಮಿನ ಹೊಳಪಿಗೆ ಮರುಳಾಗಬೇಡಿ, ಟೇಪು ಹಿಡಿದು ಹೋಗಿ!



ಕಕ್ಕಸಿನ ಮಾತೆತ್ತಲು ನಮಗೆ ನಾಚಿಕೆ. ಈ ನಾಚಿಕೆಯನ್ನೇ ಬಂಡವಾಳ ಮಾಡಿಕೊಂಡವರು ನಮ್ಮ ತಲೆಗೆ ಟೋಪಿ ಹಾಕುತ್ತಿದ್ದಾರೆ. ಹಳೆಯ ಕಮೋಡು ಬಿರುಕು ಬಿಟ್ಟಿತೆಂದು ಅಂಗಡಿಗೆ ಹೋದರೆ ಏನು ತೋರಿಸುತ್ತಾರೆ? ಬಣ್ಣ, ಹೊಳಪು, ಸದ್ದಿಲ್ಲದೆ ಮುಚ್ಚುವ ಮುಚ್ಚಳ! ನಿಮ್ಮ ಮನೆಯ ಪೈಪು ಎಲ್ಲಿದೆ ಎಂದು ಕೇಳುವವರು ಎಷ್ಟು ಮಂದಿ?

ಮೊದಲು ಕೇಳಬೇಕಾದ್ದೇ ಅದು. ಪೈಪು ನೆಲಕ್ಕೆ ಇಳಿದಿದ್ದರೆ ಎಸ್ ಟ್ರ್ಯಾಪ್, ಗೋಡೆಯೊಳಗೆ ಹೋಗಿದ್ದರೆ ಪಿ ಟ್ರ್ಯಾಪ್. ಎಸ್ ಟ್ರ್ಯಾಪ್ ಆದರೆ ಟೈಲ್ಸ್ ಗೋಡೆಯಿಂದ ಪೈಪಿನ ನಡುಮಧ್ಯಕ್ಕೆ ಟೇಪು ಹಿಡಿಯಿರಿ. ಪಿ ಟ್ರ್ಯಾಪ್ ಆದರೆ ನೆಲದಿಂದ ಎತ್ತರ ಅಳೆಯಿರಿ. 9 ಇಂಚಿನ ಪೈಪಿಗೆ 12 ಇಂಚಿನ ಕಮೋಡು ತಂದರೆ ಟ್ಯಾಂಕು ಗೋಡೆಗೆ ತಾಗುತ್ತದೆ, ಕಮೋಡು ಪೈಪಿನ ಮೇಲೆ ಕೂರುವುದೇ ಇಲ್ಲ. ಆಮೇಲೆ ನೆಲ ಒಡೆಯುವ ಖರ್ಚು ಯಾರದ್ದು? ನಿಮ್ಮದೇ! ಪ್ರೂಫ್ ನೋಡದೆ ಅಚ್ಚಿಗೆ ಹಾಕಿದರೆ ಹಾಳೆಯಷ್ಟೂ ರದ್ದಿ. ಪ್ರೆಸ್ಸು ನಡೆಸುವ ನನಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ಎರಡನೆಯದು ನೀರು. ಬೆಂಗಳೂರಿಗರೇ, ನಿಮ್ಮ ನಲ್ಲಿಯ ಕಾವೇರಿ ತಾನಾಗಿ ಹರಿದು ಬಂದವಳಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪುಗಳು ಮೇಲೆತ್ತಿ ತಂದ ನೀರು ಅದು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ಹಿಂದೆ ಓಡಿದ್ದನ್ನು ಮರೆತಿರಾ? ಹಳೆಯ 10 ಲೀಟರ್ ಟ್ಯಾಂಕನ್ನು ಐದು ಜನರ ಮನೆಯಲ್ಲಿ ತಲೆಗೆ ಐದು ಸಲ ಒತ್ತಿದರೆ ದಿನಕ್ಕೆ 250 ಲೀಟರ್. ಎರಡು ಗುಂಡಿಯ, 6 ಮತ್ತು 3 ಲೀಟರಿನ ಟ್ಯಾಂಕಿನಲ್ಲಿ ತಲೆಗೆ ಒಂದು ಸಲ ದೊಡ್ಡದು, ನಾಲ್ಕು ಸಲ ಚಿಕ್ಕದು ಒತ್ತಿದರೆ 90 ಲೀಟರ್. ಉಳಿಯಿತು 160! ನದಿಗಾಗಿ ಬೀದಿಗಿಳಿದು ಕೂಗುವ ನಾವು ಅದೇ ನದಿಯನ್ನು ಮನೆಯೊಳಗೆ ಚರಂಡಿಗೆ ಸುರಿಯುವುದು ಯಾವ ನ್ಯಾಯ?

ಮೂರನೆಯದು ಕೂರಿಸುವ ಕೆಲಸ. ಹಳೆಯದನ್ನು ತೆಗೆದ ಕೂಡಲೇ ಪೈಪಿನ ಬಾಯಿಗೆ ಬಟ್ಟೆ ತುರುಕಿಸಿ, ಇಲ್ಲವಾದರೆ ಚೂರುಗಳು ಒಳಗೆ ಬಿದ್ದು ಕಟ್ಟಿಕೊಳ್ಳುತ್ತವೆ. ಹೊಸದನ್ನು ಇಡುವ ಮೊದಲು ಅದನ್ನು ತೆಗೆಯಲು ಮರೆಯಬೇಡಿ! ಹಳೆಯ ರಬ್ಬರ್ ವಾಷರ್ ಮತ್ತೆ ಹಾಕಲು ಬಿಡಬೇಡಿ. ಬೋಲ್ಟನ್ನು ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಬಿಗಿಯಬೇಕು. ಅತಿಯಾಗಿ ಬಿಗಿದರೆ ಪಿಂಗಾಣಿ ಸೀಳುತ್ತದೆ. ಅಡಿಗೆಲ್ಲ ಸಿಮೆಂಟು ತುಂಬಿದರೆ ಮುಂದೊಮ್ಮೆ ಒಡೆದೇ ತೆಗೆಯಬೇಕು. ಕೊನೆಗೆ ಟ್ಯಾಂಕಿಗೆ ಅಡುಗೆಬಣ್ಣ ನಾಲ್ಕು ಹನಿ ಹಾಕಿ ಅರ್ಧ ಗಂಟೆ ಮುಟ್ಟದೆ ಬಿಡಿ. ಕಮೋಡಿನೊಳಗೆ ಬಣ್ಣ ಇಳಿದರೆ ವಾಲ್ವ್ ಸೋರುತ್ತಿದೆ ಎಂದರ್ಥ. ಸರಿಪಡಿಸುವವರೆಗೆ ಪೂರ್ತಿ ಕೂಲಿ ಕೊಡಬೇಡಿ.

ಇನ್ನೊಂದು ಮಾತು. ಇಷ್ಟೆಲ್ಲ ಅಳತೆ, ಎಚ್ಚರಿಕೆ, ವಾರಂಟಿಯ ಷರತ್ತು ಡಬ್ಬಿಯ ಮೇಲೆ ಕನ್ನಡದಲ್ಲಿ ಇದೆಯೇ ಎಂದು ನೋಡಿ. ಹಣ ಕೊಡುವವನು ಕನ್ನಡಿಗ, ಕೂರಿಸುವ ಮೇಸ್ತ್ರಿಯೂ ಕನ್ನಡಿಗನಾದರೆ ಕಾಗದ ಮಾತ್ರ ಇಬ್ಬರಿಗೂ ಅರ್ಥವಾಗದ ಭಾಷೆಯಲ್ಲಿ ಯಾಕೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಕಿನ ಮಾಹಿತಿ ಪಡೆಯುವುದನ್ನು ನಿಮ್ಮ ಹಕ್ಕು ಎನ್ನುತ್ತದೆ. ಕೌಂಟರಿನಲ್ಲಿ ನಿಂತು ಕನ್ನಡದಲ್ಲೇ ಕೇಳಿ. ಅಳತೆಯನ್ನು ಬಿಲ್ಲಿನ ಮೇಲೆ ಬರೆಸಿ. ಬರೆಯಲು ಒಪ್ಪದ ಅಂಗಡಿಯಿಂದ ಎದ್ದು ಬನ್ನಿ!