ಕೈಪಿಡಿಯನ್ನು ಬರೆಯತಕ್ಕವರು ಯಾರು?

ಯಂತ್ರವನ್ನು ನಿರ್ಮಿಸಿದವನಿಗೆ ಕೀರ್ತಿ ಬರುತ್ತದೆ. ಅದನ್ನು ನಡೆಸಿದವನಿಗೆ ಲಾಭ ಬರುತ್ತದೆ. ಅದನ್ನು ನಡೆಸುವ ಬಗೆಯನ್ನು ನಾಲ್ವರಿಗೆ ತಿಳಿಯುವಂತೆ ಬರೆದಿಟ್ಟವನ ಹೆಸರು ಮಾತ್ರ ಯಾರ ಬಾಯಲ್ಲಿಯೂ ಬರುವುದಿಲ್ಲ. ಇದು ಲೋಕರೂಢಿ. ಆದರೆ ವಿದ್ಯೆಯೊಂದು ಒಬ್ಬರ ಸ್ವತ್ತಾಗಿ ಉಳಿಯುವುದೊ, ಜನತೆಯ ಸ್ವತ್ತಾಗುವುದೊ ಎಂಬುದು ಈ ಮೂರನೆಯವನನ್ನೇ ಅವಲಂಬಿಸಿದೆ. ಗಣಕಯಂತ್ರದ ವಿದ್ಯೆಯಲ್ಲಿ ಈ ಮೂರನೆಯವನ ಕೆಲಸವನ್ನು ನಮ್ಮ ಕನ್ನಡ ವಿದ್ಯಾರ್ಥಿಗಳು ಕೈಗೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಒಂದು ಉದಾಹರಣೆಯ ಮೂಲಕ ನಿವೇದಿಸುತ್ತೇನೆ.

ನಾವು ನೋಡುವ ಪ್ರತಿಯೊಂದು ಜಾಲಪುಟದಲ್ಲಿಯೂ ಎರಡು ಅಂಶಗಳಿರುತ್ತವೆ. ಒಂದು ವಿಷಯ, ಇನ್ನೊಂದು ಅಲಂಕಾರ. ವಿಷಯವೆಂದರೆ ಬರೆದ ಮಾತುಗಳು. ಅಲಂಕಾರವೆಂದರೆ ಅಕ್ಷರಗಳ ಗಾತ್ರ, ಬಣ್ಣ, ಸಾಲುಗಳ ನಡುವಿನ ಅಂತರ, ಅಂಚಿನಲ್ಲಿ ಬಿಟ್ಟ ಜಾಗ ಮೊದಲಾದವು. ಈ ಅಲಂಕಾರವನ್ನು ಗೊತ್ತುಪಡಿಸುವುದಕ್ಕೆ ಪ್ರತ್ಯೇಕವಾದ ಒಂದು ಭಾಷೆಯಿದೆ. ಅದಕ್ಕೆ ಸಿ.ಎಸ್.ಎಸ್., ಅಂದರೆ ಕ್ಯಾಸ್ಕೇಡಿಂಗ್ ಸ್ಟೈಲ್ ಶೀಟ್ಸ್, ಎಂದು ಹೆಸರು. ನಾರ್ವೆ ದೇಶದ ಹೊಕೋನ್ ವಿಯುಮ್ ಲೀ ಎಂಬುವರು 1994ರ ಅಕ್ಟೋಬರ್ 10ರಂದು ಇದರ ಮೊದಲ ಕರಡನ್ನು ಪ್ರಕಟಿಸಿದರು. ಅನಂತರ ಡಚ್ ವಿದ್ವಾಂಸ ಬರ್ಟ್ ಬಾಸ್ ಅವರೊಡನೆ ಸೇರಿದರು. 1996ರ ಡಿಸೆಂಬರ್ 17ರಂದು ಅಂತರ್ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯು ಅದರ ಪ್ರಥಮ ಆವೃತ್ತಿಗೆ ಸಮ್ಮತಿಯ ಮುದ್ರೆಯೊತ್ತಿತು. ಪುಟವನ್ನು ಬರೆದವನಷ್ಟೇ ಅಲ್ಲ, ಓದುವವನೂ ತನ್ನ ಕಣ್ಣಿಗೆ ಹಿತವಾದಂತೆ ಅದನ್ನು ಮಾರ್ಪಡಿಸಿಕೊಳ್ಳಲು ಅವಕಾಶವಿರಬೇಕೆಂಬ ಉದಾರವಾದ ಭಾವನೆ ಈ ಭಾಷೆಯ ಹುಟ್ಟಿನಲ್ಲಿಯೇ ಇತ್ತು.

ಭಾಷೆಯೇನೊ ಹುಟ್ಟಿತು, ಅದನ್ನು ಜನರು ಕಲಿಯುವುದು ಹೇಗೆ? ಡಬ್ಲ್ಯು3ಸಿ ಸಂಸ್ಥೆಯ ಮಾನಕಗ್ರಂಥಗಳು ಮುಖ್ಯವಾಗಿ ಬ್ರೌಸರುಗಳನ್ನು ನಿರ್ಮಿಸುವವರನ್ನು ಉದ್ದೇಶಿಸಿದವು. ಅಲ್ಲಿಯ ಒಂದೊಂದು ವಾಕ್ಯವೂ ಬಿಗಿಯಾದುದು, ನಿಷ್ಕೃಷ್ಟವಾದುದು. ಹೊಸಬನಿಗೆ ಕಬ್ಬಿಣದ ಕಡಲೆ. ಇಲ್ಲಿ ನಮ್ಮ ಕೇಶಿರಾಜನ ನೆನಪಾಗುತ್ತದೆ. 13ನೆಯ ಶತಮಾನದ ಈ ವೈಯಾಕರಣನು ‘ಶಬ್ದಮಣಿದರ್ಪಣ’ದಲ್ಲಿ ಕಂದಪದ್ಯದಲ್ಲಿ ಸೂತ್ರವನ್ನು ಹೇಳಿ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಸೂತ್ರದ ಕೆಳಗೆ ಅದರ ಅರ್ಥವನ್ನು ಬಿಡಿಸುವ ವೃತ್ತಿಯನ್ನು ಗದ್ಯದಲ್ಲಿ ಬರೆದನು. ಅದರ ಕೆಳಗೆ ಪೂರ್ವಕವಿಗಳ ಬಳಕೆಯಿಂದ ಆಯ್ದ ಪ್ರಯೋಗಗಳನ್ನು ಕೊಟ್ಟನು. ಸೂತ್ರವು ಶಾಸ್ತ್ರವನ್ನು ಕಾಪಾಡುತ್ತದೆ. ವೃತ್ತಿಯು ಕಲಿಯುವವನನ್ನು ಕೈಹಿಡಿದು ನಡೆಸುತ್ತದೆ. ಪ್ರಯೋಗವು ಎರಡಕ್ಕೂ ಸಾಕ್ಷಿಯಾಗುತ್ತದೆ. ಸಿ.ಎಸ್.ಎಸ್. ಭಾಷೆಗೆ ಸೂತ್ರಗಳು ದೊರೆತಿದ್ದವು. ವೃತ್ತಿಯನ್ನೂ ಪ್ರಯೋಗವನ್ನೂ ಬರೆಯುವವರು ಬೇಕಾಗಿದ್ದರು.

ಆ ಕೆಲಸವನ್ನು ಬಹುಮಟ್ಟಿಗೆ ನೆರವೇರಿಸಿದವರು ಬಳಕೆದಾರರೇ. ಫೈರ್‌ಫಾಕ್ಸ್ ಬ್ರೌಸರಿನ ನಿರ್ಮಾಪಕರಾದ ಮೊಜಿಲ್ಲಾ ಸಂಸ್ಥೆಯವರು 2005ರಲ್ಲಿ ಒಂದು ಕೈಪಿಡಿಯ ತಾಣವನ್ನು ತೆರೆದರು. ಹಿಂದೆ ನೆಟ್‌ಸ್ಕೇಪ್ ಸಂಸ್ಥೆಯು ಸಿದ್ಧಪಡಿಸಿದ್ದ ಬರಹಗಳನ್ನು ಅನುಮತಿಯಿಂದ ಪಡೆದು ಅದಕ್ಕೆ ಅಡಿಗಲ್ಲಾಗಿ ಇಟ್ಟರು. ಇಂದು ಎಂ.ಡಿ.ಎನ್. ಎಂಬ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಯಾರು ಬೇಕಾದರೂ ಬಂದು ಲೇಖನವನ್ನು ಬರೆಯಬಹುದು, ಇನ್ನೊಬ್ಬರ ತಪ್ಪನ್ನು ತಿದ್ದಬಹುದು ಎಂಬ ವಿಕಿಯ ಪದ್ಧತಿಯಲ್ಲಿ ಅದು ಬೆಳೆಯಿತು. 2017ರಲ್ಲಿ ಗೂಗಲ್, ಮೈಕ್ರೋಸಾಫ್ಟ್, ಸ್ಯಾಮ್‌ಸಂಗ್ ಸಂಸ್ಥೆಗಳೂ ಡಬ್ಲ್ಯು3ಸಿಯೂ ಅದರ ಸಲಹಾಮಂಡಲಿಯನ್ನು ಸೇರಿದವು. ಮಾರುಕಟ್ಟೆಯಲ್ಲಿ ಪರಸ್ಪರ ಸ್ಪರ್ಧಿಸುವವರು ಕೈಪಿಡಿಯ ವಿಷಯದಲ್ಲಿ ಒಂದೇ ಚಾವಡಿಯಲ್ಲಿ ಕುಳಿತದ್ದು ಸಾಮಾನ್ಯ ಸಂಗತಿಯಲ್ಲ.

ಆದರೆ 2020ರ ಆಗಸ್ಟ್ ತಿಂಗಳಲ್ಲಿ ಮೊಜಿಲ್ಲಾ ಸಂಸ್ಥೆಯು ಸುಮಾರು 250 ಮಂದಿ ನೌಕರರನ್ನು ಕೆಲಸದಿಂದ ಬಿಡಿಸಿತು. ಈ ಕೈಪಿಡಿಯನ್ನು ಬರೆಯುತ್ತಿದ್ದವರಲ್ಲಿ ಅನೇಕರು ಅವರಲ್ಲಿದ್ದರು. ಜಗತ್ತಿನಾದ್ಯಂತ ಜನರು ಓದುವ ಗ್ರಂಥದ ಗತಿ ಒಂದು ಸಂಸ್ಥೆಯ ಆಯವ್ಯಯದ ಲೆಕ್ಕಕ್ಕೆ ಕಟ್ಟುಬಿದ್ದಿತ್ತೆಂಬುದು ಆಗ ಎಲ್ಲರಿಗೂ ಅರಿವಾಯಿತು. 2021ರ ಜನವರಿಯಲ್ಲಿ ‘ಓಪನ್ ವೆಬ್ ಡಾಕ್ಸ್’ ಎಂಬ ಕೂಟವೊಂದು ಹುಟ್ಟಿ, ವಂತಿಗೆಗಳನ್ನು ಕೂಡಿಸಿ ಬರಹಗಾರರಿಗೆ ವೇತನ ಕೊಡುವ ಏರ್ಪಾಡು ಮಾಡಿತು. ಕೈಪಿಡಿ ಉಳಿಯಿತು. ಬಾವಿ ಊರಿನದಾಗಿದ್ದರೆ ಊರವರೇ ಹೂಳೆತ್ತಬೇಕು. ಧಣಿಯೊಬ್ಬನು ಎತ್ತಿಸುತ್ತಾನೆಂದು ನೆಚ್ಚಿ ಕುಳಿತರೆ ಬೇಸಗೆಯಲ್ಲಿ ಕೊಡಗಳು ಖಾಲಿಯಾಗಿ ಹಿಂದಿರುಗುತ್ತವೆ.

ಇಷ್ಟಾದರೂ ಇದು ನಮಗೇಕೆ ಸಂಬಂಧಪಟ್ಟದ್ದು ಎಂದು ವಿದ್ಯಾರ್ಥಿಮಿತ್ರರು ಕೇಳಬಹುದು. ಸಂಬಂಧವಿದೆ, ಅದೂ ಬಹು ನಿಕಟವಾದ ಸಂಬಂಧ. ಈ ಕೈಪಿಡಿಗಳನ್ನು ಬರೆದವರು ಹೆಚ್ಚಾಗಿ ರೋಮನ್ ಲಿಪಿಯನ್ನು ಕಣ್ಣ ಮುಂದಿಟ್ಟುಕೊಂಡು ಬರೆದವರು. ನಮ್ಮ ಲಿಪಿಯ ಕಷ್ಟಸುಖಗಳು ಅವರಿಗೆ ತಿಳಿಯದಿದ್ದುದು ಅವರ ದೋಷವಲ್ಲ. ತಿಳಿದವರು ಹೇಳದಿದ್ದುದು ದೋಷ.

‘ಲೈನ್-ಹೈಟ್’ ಎಂಬ ಗುಣವನ್ನು ನೋಡಿರಿ. ಸಾಲಿನ ಎತ್ತರವನ್ನು ನಿರ್ಧರಿಸುವುದು ಅದರ ಕೆಲಸ. ಇಂಗ್ಲಿಷ್ ಬರಹಕ್ಕೆ ಸಾಕೆನಿಸುವ ಎತ್ತರ ಕನ್ನಡಕ್ಕೆ ಸಾಲದೆ ಹೋಗಬಹುದು. ‘ರಾಷ್ಟ್ರ’ ಎಂದು ಬರೆದಾಗ ಒತ್ತಕ್ಷರಗಳು ಕೆಳಗಿಳಿಯುತ್ತವೆ. ಅದರ ಕೆಳಗಿನ ಸಾಲಿನಲ್ಲಿ ಗುಡಿಸು ಇದ್ದರೆ ಎರಡೂ ಒಂದಕ್ಕೊಂದು ತಾಗಿ ಓದುಗನಿಗೆ ತೊಡಕಾಗುತ್ತದೆ. ‘ಫಸ್ಟ್-ಲೆಟರ್’ ಎಂಬ ಇನ್ನೊಂದು ಸೌಕರ್ಯವಿದೆ. ಲೇಖನದ ಮೊದಲಕ್ಷರವನ್ನು ದೊಡ್ಡದಾಗಿ ತೋರಿಸುವುದಕ್ಕೆ ಅದನ್ನು ಬಳಸುತ್ತಾರೆ. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ; ಗಣಕಯಂತ್ರವು ಅದನ್ನು 6 ಸಂಕೇತಗಳ ಮಾಲೆಯಾಗಿ ತನ್ನಲ್ಲಿ ಇರಿಸಿಕೊಂಡಿರುತ್ತದೆ. ಹಾಗಾದರೆ ಮೊದಲಕ್ಷರವೆಂದರೆ ಎಷ್ಟು? ಅದು ಇಡಿಯ ‘ಸ್ತ್ರೀ’ಯೇ ಎಂದು ನಮ್ಮ ಒಂದನೆಯ ತರಗತಿಯ ಬಾಲಕನೂ ಹೇಳಬಲ್ಲನು. ಅಕ್ಷರಗಳನ್ನು ದೊಡ್ಡಕ್ಷರಗಳಾಗಿ ಮಾರ್ಪಡಿಸುವ ‘ಟೆಕ್ಸ್ಟ್-ಟ್ರಾನ್ಸ್‌ಫಾರ್ಮ್’ ಎಂಬ ಗುಣದ ಆ ಆಜ್ಞೆಗೆ ಕನ್ನಡದಲ್ಲಿ ಯಾವ ಕೆಲಸವೂ ಇಲ್ಲ, ಏಕೆಂದರೆ ನಮ್ಮಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿಲ್ಲ. ಇದಕ್ಕೆ ಪ್ರತಿಯಾಗಿ ‘ಲಿಸ್ಟ್-ಸ್ಟೈಲ್-ಟೈಪ್’ ಎಂಬ ಗುಣಕ್ಕೆ ‘ಕನ್ನಡ’ ಎಂಬ ಬೆಲೆಯನ್ನು ಕೊಟ್ಟರೆ ಪಟ್ಟಿಯ ಅಂಕಿಗಳು ೧, ೨, ೩ ಎಂದು ಕನ್ನಡದಲ್ಲಿಯೇ ಮೂಡುತ್ತವೆ. ನಮ್ಮ ನುಡಿಯ ಹೆಸರು ಆ ಭಾಷೆಯ ಶಬ್ದಭಂಡಾರದಲ್ಲಿಯೇ ಸೇರಿದೆ! ನಿಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತಿತ್ತು? ಗೊತ್ತಿಲ್ಲದಿದ್ದರೆ ಕಾರಣ ಒಂದೇ: ನಿಮಗೆ ತಿಳಿಯುವ ಹಾಗೆ ಅದನ್ನು ಯಾರೂ ಬರೆದಿಡಲಿಲ್ಲ.

ಈ ಅಭಿಪ್ರಾಯಕ್ಕೆ ಮೂರು ಆಕ್ಷೇಪಗಳು ಬರುವುದುಂಟು. ಮೊದಲನೆಯದು, ಹತ್ತು ಜನ ಸೇರಿ ಬರೆದ ಗ್ರಂಥದಲ್ಲಿ ತಪ್ಪುಗಳು ನುಸುಳುತ್ತವೆ, ಹೊಣೆಗಾರರು ಯಾರೂ ಇರುವುದಿಲ್ಲ ಎಂಬುದು. ಇದರಲ್ಲಿ ಸತ್ಯಾಂಶವಿದೆ. ಆದುದರಿಂದಲೇ ಎಂ.ಡಿ.ಎನ್. 2020ರ ಡಿಸೆಂಬರಿನಲ್ಲಿ ಹಳೆಯ ವಿಕಿ ಪದ್ಧತಿಯನ್ನು ಬಿಟ್ಟು, ಪ್ರತಿಯೊಂದು ತಿದ್ದುಪಡಿಯನ್ನೂ ಬೇರೊಬ್ಬರು ಪರಿಶೀಲಿಸಿದ ಬಳಿಕವೇ ಪ್ರಕಟಿಸುವ ಪದ್ಧತಿಯನ್ನು ಹಿಡಿಯಿತು. ಹೊಸಬರಿಗೆ ಹೊಸ್ತಿಲು ತುಸು ಎತ್ತರವಾಯಿತು, ನಿಜ; ಆದರೂ ಬಾಗಿಲು ಮುಚ್ಚಲಿಲ್ಲ. ತಪ್ಪಿನ ಭಯಕ್ಕೆ ಮದ್ದು ಪರಿಶೀಲನೆ, ಮೌನವಲ್ಲ.

ಎರಡನೆಯ ಆಕ್ಷೇಪ: ಆಜ್ಞೆಗಳೆಲ್ಲ ಇಂಗ್ಲಿಷಿನಲ್ಲಿರುವಾಗ ವಿವರಣೆ ಕನ್ನಡದಲ್ಲಿ ಏತಕ್ಕೆ? ಸಂಗೀತದ ಸ್ವರಸಂಜ್ಞೆಗಳು ಎಲ್ಲರಿಗೂ ಒಂದೇ. ಆದರೆ ಗುರುವು ಶಿಷ್ಯನಿಗೆ ಅದರ ಮರ್ಮವನ್ನು ಹೇಳುವುದು ಅವನ ನುಡಿಯಲ್ಲಿಯೇ. ಕಲಿಯುವವನ ತಲೆಯ ಮೇಲೆ ಎರಡು ಹೊರೆಗಳನ್ನು ಒಟ್ಟಿಗೆ ಹೊರಿಸಬಾರದು. ಆಜ್ಞೆ ಇಂಗ್ಲಿಷಿನಲ್ಲಿಯೇ ಇರಲಿ. ಅದರ ಅರ್ಥ, ಉಪಯೋಗ, ಅಪಾಯಗಳು ಕನ್ನಡದಲ್ಲಿರಲಿ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗಳಲ್ಲಿ ಕಲಿತು ಮುಂದೆ ಬಂದ ತಲೆಮಾರುಗಳನ್ನು ಕಂಡ ಮುಂಬಯಿಯಲ್ಲಿ ತಾಯ್ನುಡಿಯ ಶಿಕ್ಷಣದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ಆಕ್ಷೇಪ ಇತ್ತೀಚಿನದು. ಏನನ್ನು ಕೇಳಿದರೂ ಯಂತ್ರವೇ ಉತ್ತರ ಹೇಳುವ ಈ ಕಾಲದಲ್ಲಿ ಕೈಪಿಡಿಯನ್ನು ಯಾರು ಓದುತ್ತಾರೆ ಎಂಬುದು. ಆದರೆ ಆ ಯಂತ್ರವು ಕಲಿತದ್ದಾದರೂ ಎಲ್ಲಿಂದ? ಮನುಷ್ಯರು ಬರೆದಿಟ್ಟ ಬರಹಗಳಿಂದಲೇ. ಕನ್ನಡದಲ್ಲಿ ಬರೆದದ್ದು ಕಡಿಮೆಯಾದರೆ ಯಂತ್ರದ ಕನ್ನಡ ಜ್ಞಾನವೂ ಅಷ್ಟಕ್ಕಷ್ಟೆ. ಅದು ಹೇಳಿದ್ದು ಸರಿಯೇ ತಪ್ಪೇ ಎಂದು ಒರೆಗೆ ಹಚ್ಚಿ ನೋಡಲು ಸಹ ನಂಬತಕ್ಕ ಒಂದು ಗ್ರಂಥ ಬೇಕಲ್ಲವೆ?

ಆದರೆ ಉತ್ಸಾಹ ಒಂದೇ ಸಾಲದು. ಎಂ.ಡಿ.ಎನ್. ಕೈಪಿಡಿಯು ಒಂದು ಕಾಲದಲ್ಲಿ ಹಲವಾರು ಭಾಷೆಗಳಿಗೆ ಅನುವಾದವಾಗುತ್ತಿತ್ತು. ಅನೇಕ ಭಾಷೆಗಳಲ್ಲಿ ಆರಂಭಶೂರರು ಕೆಲವು ಪುಟಗಳನ್ನು ಬರೆದು ಹೊರಟುಹೋದರು. ಮೂಲ ಬದಲಾಯಿತು, ಅನುವಾದ ಹಳಸಿತು. ಹೊಸ ಪದ್ಧತಿಗೆ ಹೋದಾಗ, ನೋಡಿಕೊಳ್ಳುವವರಿದ್ದ ಭಾಷೆಗಳನ್ನು ಮಾತ್ರ ಮುಂದುವರಿಸಿದರು. ಫ್ರೆಂಚ್, ಜಪಾನೀ, ಕೊರಿಯನ್, ರಷ್ಯನ್, ಚೀನೀ, ಪೋರ್ಚುಗೀಸ್, ಸ್ಪ್ಯಾನಿಷ್ ಭಾಷೆಗಳು ಹೀಗೆ ಉಳಿದವು. ಆ ಪಟ್ಟಿಯಲ್ಲಿ ಭಾರತದ ಯಾವ ಭಾಷೆಯೂ ಇಲ್ಲ, ಕನ್ನಡವೂ ಇಲ್ಲ. ನಮ್ಮ ನುಡಿಗೆ ಶಕ್ತಿ ಸಾಲದೆಂದು ಇದರ ಅರ್ಥವಲ್ಲ. ನೆಟ್ಟ ಸಸಿಗೆ ನೀರೆರೆಯುವ ಮಂದಿ ದೊರೆಯಲಿಲ್ಲವೆಂದು ಅರ್ಥ.

ಆದುದರಿಂದ ಸಣ್ಣದಾಗಿ ಆರಂಭಿಸೋಣ, ಆದರೆ ಬಿಡದೆ ನಡೆಸೋಣ. ಅಲಂಕಾರದ ಆ ಭಾಷೆಯಲ್ಲಿ ನಿತ್ಯಬಳಕೆಯ ಇಪ್ಪತ್ತು ಗುಣಗಳನ್ನು ಆರಿಸಿಕೊಳ್ಳಿರಿ. ಒಂಬತ್ತನೆಯ ತರಗತಿಯವರು ಒಬ್ಬೊಬ್ಬರು ಒಂದೊಂದು ಪುಟ ಬರೆಯಲಿ. ಹತ್ತನೆಯ ತರಗತಿಯವರು ಅದನ್ನು ಪರಿಶೀಲಿಸಲಿ. ಮರುವರ್ಷ ಬರೆದವರೇ ಪರೀಕ್ಷಕರಾಗಲಿ. ಪ್ರತಿಯೊಂದು ಪುಟದಲ್ಲಿಯೂ ಕೇಶಿರಾಜನ ಕ್ರಮವಿರಲಿ: ಮೊದಲು ಸೂತ್ರ, ಎಂದರೆ ಈ ಗುಣ ಏನು ಮಾಡುತ್ತದೆ ಎಂಬ ಒಂದೇ ವಾಕ್ಯ. ಬಳಿಕ ವೃತ್ತಿ, ಎಂದರೆ ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬ ವಿವರಣೆ. ಕೊನೆಗೆ ಪ್ರಯೋಗ, ಎಂದರೆ ಕನ್ನಡ ಬರಹದ ಮೇಲೆ ನೀವೇ ಮಾಡಿ ನೋಡಿದ ಉದಾಹರಣೆ. ಮಾಡಿ ನೋಡದ್ದನ್ನು ಬರೆಯಬೇಡಿರಿ. ಅರ್ಥವಾಗದ ಪದವನ್ನು ಪಾಂಡಿತ್ಯಪ್ರದರ್ಶನಕ್ಕಾಗಿ ಹೊಸೆಯಬೇಡಿರಿ; ‘ಬ್ರೌಸರ್’ ಎಂಬುದು ಜನರ ನಾಲಗೆಯಲ್ಲಿ ನಿಂತಿದ್ದರೆ ಅದೇ ಇರಲಿ. ಎಂ.ಡಿ.ಎನ್. ಬರಹಗಳನ್ನು ಮೂಲವನ್ನು ಸ್ಮರಿಸಿ, ಅದೇ ಷರತ್ತಿನ ಮೇಲೆ ಹಂಚುವುದಾದರೆ ಯಾರು ಬೇಕಾದರೂ ಅನುವಾದಿಸಬಹುದು. ಆದರೆ ಕನ್ನಡ ಲಿಪಿಗೆ ಸಂಬಂಧಿಸಿದ ಪ್ರಯೋಗಗಳನ್ನು ಅಲ್ಲಿಂದ ಎರವಲು ತರಲಾಗದು. ಅವು ನಿಮ್ಮಿಂದಲೇ ಹುಟ್ಟಬೇಕು.

ಮನೆಯಲ್ಲಿ ತುಳುವನ್ನೊ ಕನ್ನಡವನ್ನೊ, ಬೀದಿಯಲ್ಲಿ ಮರಾಠಿಯನ್ನು, ರೈಲಿನಲ್ಲಿ ಹಿಂದಿಯನ್ನು ಆಡುವ ನೀವು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಯಹೇಳುವ ಕೆಲಸವನ್ನು ದಿನವೂ ಮಾಡುತ್ತಿದ್ದೀರಿ. ಕೈಪಿಡಿ ಬರೆಯುವವನ ವಿದ್ಯೆಯೂ ಅದೇ. ಕನ್ನಡ ಮಾಧ್ಯಮದಲ್ಲಿ ಓದಿದವರು ಗಣಕಯಂತ್ರದ ಮುಂದೆ ಕುಳಿತಾಗ ತಮ್ಮ ನುಡಿಯನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಬರಬೇಕೆಂಬ ಭಾವನೆ ನಮ್ಮಲ್ಲಿ ಕೆಲವರಿಗಿದೆ. ಅದನ್ನು ಭಾಷಣಗಳಿಂದ ತೊಲಗಿಸಲಾಗದು. ತಿಳಿಗನ್ನಡದಲ್ಲಿ ಬರೆದ, ಪರೀಕ್ಷೆಗೆ ನಿಂತ, ವರ್ಷವರ್ಷವೂ ತಿದ್ದಲ್ಪಟ್ಟ ಇಪ್ಪತ್ತು ಪುಟಗಳು ಅದನ್ನು ತೊಲಗಿಸಬಲ್ಲವು. ಮುಂದಿನ ವರ್ಷದ ಸಂಚಿಕೆಯಲ್ಲಿ ಅವುಗಳಲ್ಲಿ ಒಂದಾದರೂ ಪುಟ ಅಚ್ಚಾಗಲಿ ಎಂಬುದೇ ನನ್ನ ಹಾರೈಕೆ.